ಮೊದಲ ದರ್ಜೆಯ ಬೊಂಡಾಸ

ಚೋಂಗ್‌ಜಿನ್ ಬಂದರಿನಲ್ಲಿ ತಾನ್‌ಸಿಲ್ ಇಪ್ಪತ್ತೆರಡು ವರ್ಷದಿಂದ ಬೊಂಡಾಸ ಎಂಬ ಹತ್ತು ಕಾಲಿನ ಮೆತ್ತನೆ ಮೀನನ್ನು ಸೀಳಿ ಒಣಗಿಸುತ್ತಿದ್ದಳು. ಬೆಳಕಿಗೊಮ್ಮೆ ಎತ್ತಿ ಹಿಡಿದರೆ ಸಾಕು, ಅದರ ದರ್ಜೆ ಹೇಳಿಬಿಡುವಳು. ಮೊದಲ ದರ್ಜೆಯದೆಲ್ಲ ಚೀನಾಕ್ಕೆ. ಮನೆಗೆ ಬರುತ್ತಿದ್ದುದು ಉದುರಿದ ಕಾಲುಗಳು, ಕರುಳು. ಒಳ್ಳೆಯದನ್ನು ತಾವೂ ತಿನ್ನಬಹುದೆಂಬ ಯೋಚನೆ ಬಂದರಿನ ಯಾವ ಹೆಂಗಸಿಗೂ ಬಂದಿರಲಿಲ್ಲ.

ಗಂಡ ಮಾನ್‌ಬೊಕ್ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್. ಕರೆಂಟಿಲ್ಲದ ಕಾರ್ಖಾನೆಗೆ ದಿನಾ ಹೋಗಿ ಹಾಜರಿ ಹಾಕಿ ಬರುವುದೇ ಅವನ ಉದ್ಯೋಗ. ಸಂಬಳ ಒಂದು ಕಿಲೋ ಅಕ್ಕಿಗೂ ಸಾಲದು. ಅಂಥ ಗಂಡಂದಿರಿಗೆ ಆ ಊರ ಹೆಂಗಸರು ಇಟ್ಟ ಹೆಸರು 'ಹಗಲು ಬಲ್ಬು'.

"ನಿಮ್ಮನೆ ಬಲ್ಬು ಹೆಂಗಿದೆಯೇ?" ಎಂದು ಪಕ್ಕದಲ್ಲಿ ಮೀನು ಸೀಳುವವಳು ಕೇಳಿದರೆ ತಾನ್‌ಸಿಲ್, "ಊಟದ ಹೊತ್ತಿಗೆ ಮಾತ್ರ ಸರಿಯಾಗಿ ಹತ್ಕೊಳತ್ತೆ" ಎನ್ನುತ್ತಿದ್ದಳು. ಗಂಡನ ಎದುರಿಗೂ ಹೇಳಿದ್ದುಂಟು. ಅವನೂ ನಗುತ್ತಿದ್ದ.

ಆ ವರ್ಷ ಹೊರದೇಶಗಳು ಇವರ ದೇಶದ ಮೇಲಿನ ವ್ಯಾಪಾರದ ದಿಗ್ಬಂಧನ ಬಿಗಿ ಮಾಡಿದವು. ದೊಡ್ಡವರ ಜಗಳ, ಏಟು ಬಿದ್ದದ್ದು ಬೊಂಡಾಸ ಸೀಳುವವಳ ಹೊಟ್ಟೆಗೆ. ಚೀನಾದ ಲಾರಿಗಳು ಬರುವುದು ನಿಂತಿತು. ಸಂತೆಯಲ್ಲಿ ಮೊದಲ ದರ್ಜೆಯ ಬೊಂಡಾಸ ರಾಶಿ ಬಿದ್ದಿತ್ತು. ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ.

ಮಗಳು ಸೊಲ್ಮೆಯ ಮದುವೆ ಹತ್ತಿರವಾಗಿತ್ತು. ಮಗಳ ಜೊತೆ ಹೊಲಿಗೆ ಯಂತ್ರ ಕಳಿಸುತ್ತೇನೆಂದು ತಾನ್‌ಸಿಲ್ ಬೀಗಿತ್ತಿಗೆ ಮಾತು ಕೊಟ್ಟಿದ್ದಳು. ಯಂತ್ರ ಬರಬೇಕಾದದ್ದೂ ಚೀನಾದಿಂದಲೇ. ಈಗ ಬೊಂಡಾಸ ಗಡಿ ದಾಟುವಂತಿಲ್ಲ, ಯಂತ್ರ ಒಳಗೆ ಬರುವಂತಿಲ್ಲ. ಮನೆಯಲ್ಲಿ ಅವಳ ತಾಯಿಯ ಕಾಲದ, ಕಾಲಲ್ಲಿ ತುಳಿಯುವ ಯಂತ್ರವೊಂದಿತ್ತು. ಸೂಜಿಯ ಕೆಳಗೆ ದಾರ ಹಿಡಿಯುವ ಕೊಕ್ಕೆ ಸವೆದು ಎಂಟು ವರ್ಷದಿಂದ ಮೂಲೆ ಸೇರಿತ್ತು. ಭಾನುವಾರ ಬಂದು ನೋಡುತ್ತೇನೆ, ಯಂತ್ರವಿಲ್ಲದಿದ್ದರೆ ಮದುವೆಯ ಮಾತು ಬೇಡ ಎಂದು ಬೀಗಿತ್ತಿ ಹೇಳಿಕಳಿಸಿದಳು. ತಾನ್‌ಸಿಲ್‌ಗೆ ಊಟ ಸೇರದಾಯಿತು.

ಇತ್ತ ಎರಡು ತಿಂಗಳಿಂದ ಮಾನ್‌ಬೊಕ್‌ನ ಬೆರಳ ತುದಿಗಳು ಸುಲಿದುಹೋಗಿದ್ದವು. ಕೇಳಿದರೆ "ಕೆಲಸ" ಎನ್ನುತ್ತಿದ್ದ.

"ಕರೆಂಟಿಲ್ದಿರೋ ಕಡೆ ಎಂಥಾ ಕೆಲಸಾರೀ?" ಎಂದು ಅವಳು ಸಿಡುಕುತ್ತಿದ್ದಳು.

ಶನಿವಾರ ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆದು, ಬಟ್ಟೆಯಲ್ಲಿ ಸುತ್ತಿದ್ದ ಪುಟ್ಟ ಉಕ್ಕಿನ ತುಂಡನ್ನು ಅವಳ ಅಂಗೈಗೆ ಹಾಕಿದ.

"ಇದೇನ್ರೀ?"

"ಕೊಕ್ಕೆ. ಅರದಲ್ಲಿ ಉಜ್ಜಿ ಮಾಡ್ದೆ. ಎಂಟು ಕೆಟ್ಟೋದ್ವು, ಇದು ಒಂಬತ್ತನೇದು."

ಅವನೇ ಕೂತು ಜೋಡಿಸಿದ. ಸೊಲ್ಮೆ ತುಳಿದಳು. ಹೊಲಿಗೆ ಒಂದೆಡೆಯೂ ತಪ್ಪಲಿಲ್ಲ. ಮರುದಿನ ಬೀಗಿತ್ತಿ ಬಂದು, ತಾನೇ ಒಂದು ಗೆರೆ ಹೊಲಿದು, ಬಟ್ಟೆ ಮಗುಚಿ ಹಿಂಬದಿ ನೋಡಿ, "ಹೊಸದಕ್ಕಿಂತ ಗಟ್ಟಿಯಾಗಿದೆ. ಮದುವೆ ಅದೇ ದಿನಕ್ಕೆ ಇರ್ಲಿ" ಎಂದಳು.

ಅವಳು ಹೋದ ಮೇಲೆ ತಾನ್‌ಸಿಲ್ ಮಾರಾಟವಾಗದೆ ಉಳಿದ ಬೊಂಡಾಸದ ಕಟ್ಟು ಬಿಚ್ಚಿದಳು. ಅಭ್ಯಾಸಬಲದಿಂದ ಒಂದೊಂದನ್ನೂ ಬೆಳಕಿಗೆ ಹಿಡಿದು, ಎಲ್ಲಕ್ಕಿಂತ ಚೆಂದದ್ದನ್ನು ಕೆಂಡದ ಮೇಲೆ ಸುಟ್ಟು ಗಂಡನ ಮುಂದಿಟ್ಟಳು. ಅವನು ಕಾಲುಗಳನ್ನಷ್ಟೇ ಕಿತ್ತುಕೊಂಡು ಉಳಿದದ್ದನ್ನು ಅವಳತ್ತ ಸರಿಸಿದ.

"ನಂಗೆ ಇದು ಸಾಕು ಕಣೇ. ಅದು ಚೀನಾದೋರ್ದಲ್ವಾ."

ತಾನ್‌ಸಿಲ್‌ಗೆ ಅಳು ತಡೆಯಲಾಗಲಿಲ್ಲ. ಮೈಯ ಭಾಗವನ್ನು ಸಿಗಿದು ಅವನ ಬಾಯಿಗೇ ಇಟ್ಟಳು.

"ಅಲ್ಲ ರೀ, ನಿಮ್ದು. ತಿನ್ನಿ."