ಮೂಲೆ ಮುರಿಯದ ಮೆದುಳು

“ಮೆದುಳಿನ ಸ್ಲೈಡ್ ಏನ್ಲೇ, ಬಾಗಲದಾಗ ನಿಂತು ಮೂಸಿ ಹೇಳ್ತೀನಿ!”

ನೀರಮಾನ್ವಿಯ ಯಲ್ಲಾಲಿಂಗ ರಾಯಚೂರಿನ ಹಾಸ್ಟೆಲಿನಲ್ಲಿ ಕೂತು ಹೀಗೆಂದದ್ದು ದೇವದುರ್ಗದ ಕಾಗೆಗಳಿಗೂ ಕೇಳಿಸಿರಬೇಕು. ಪೂರ್ತಿ ಸುಳ್ಳೂ ಅಲ್ಲ. ಡಾಕ್ಟರಿಕೆಯ ಮೊದಲ ವರ್ಷದ ಹುಡುಗರ ವಿದ್ಯೆಯೆಲ್ಲ ಸ್ಲೈಡಿನ ಗಾಜಿನ ಗುರುತುಗಳಲ್ಲಿತ್ತು: ಮೂಲೆ ಮುರಿದದ್ದು ಚಿಕ್ಕ ಮೆದುಳು, ನಡುವೆ ಗುಳ್ಳೆಯಿದ್ದದ್ದು ದೊಡ್ಡ ಮೆದುಳು, ಅಂಚಿಗೆ ಶಾಯಿ ಹತ್ತಿದ್ದು ಬೆನ್ನುಹುರಿ. ಹಿರಿಯರು ಕಿರಿಯರಿಗೆ ಇದನ್ನು ಕಿವಿಯಲ್ಲಿ ಮಂತ್ರ ಹೇಳಿದಂತೆ ಹೇಳಿಕೊಡುತ್ತಿದ್ದರು. ಮೈಕ್ರೋಸ್ಕೋಪಿನೊಳಗೆ ಇಣುಕುವುದು ಬರೀ ಮರ್ಯಾದೆಗೆ.

ಯಲ್ಲಾಲಿಂಗ ಒಮ್ಮೆ ನಪಾಸಾಗಿದ್ದ. ಈ ಮರುಪರೀಕ್ಷೆಯಲ್ಲೂ ಬಿದ್ದರೆ ವರ್ಷವೇ ಹೋಗಿ, ಕಿರಿಯರ ಪಕ್ಕದಲ್ಲಿ ಕೂರಬೇಕು. ಊರಿನಲ್ಲಿ ಅವ್ವ ಯಮನಮ್ಮ ಇಡೀ ಓಣಿಯ ಮಂಡಿನೋವನ್ನು ಆಗಲೇ ಮಗನ ಹೆಸರಿಗೆ ಮೀಸಲಿಟ್ಟಿದ್ದಳು.

ಪರೀಕ್ಷೆಯ ದಿನ ಬಾಗಿಲು ಹಾಕಿದರು. ಪ್ರೊಫೆಸರ್ ಹನುಮಂತರಾಯರು ಎದುರಿಗೆ ಕೂತರು. ಯಲ್ಲಾಲಿಂಗನ ಬೆರಳು ಮೆಲ್ಲಗೆ ಸ್ಲೈಡಿನ ಅಂಚು ಸವರಿತು. ನಾಲ್ಕೂ ಮೂಲೆ ನೆಟ್ಟಗೆ!

“ಏನ್ ಸವರಾಕತ್ತೀಯೋ ತಮ್ಮಾ? ಮೂಲಿ ಮುರಿದದ್ದನ್ನ ನಾನೇ ಕಸಕ್ಕ ಒಗದೀನಿ. ಇವೆಲ್ಲಾ ಹೊಸಾವು. ಒಳಗ ನೋಡು.”

ಅವನ ಮೈಯಿಂದ ಇಳಿದ ಬೆವರನ್ನು ಕಾಲುವೆಗೆ ಬಿಟ್ಟಿದ್ದರೆ ಮಾನ್ವಿಯ ಕಟ್ಟಕಡೆಯ ಗದ್ದೆಗೂ ನೀರು ಮುಟ್ಟುತ್ತಿತ್ತು. ಹಿಂದೆ ಹಾಕಿದ ಬಾಗಿಲು, ಮುಂದೆ ಹನುಮಂತರಾಯರು. ತಪ್ಪಿಸಿಕೊಳ್ಳಲು ಇದ್ದದ್ದೊಂದೇ ಕಿಂಡಿ, ಮೈಕ್ರೋಸ್ಕೋಪಿನ ಕೊಳವೆ. ಕಣ್ಣಿಟ್ಟ. ಎಡಕ್ಕೆ ಗುಲಾಬಿ, ಬಲಕ್ಕೆ ಗುಲಾಬಿ. ಸ್ಲೈಡನ್ನು ಸರಿಸಿದರೆ ಮತ್ತಷ್ಟು ಗುಲಾಬಿ. ಒಂದು ಯುಗ ಕಳೆಯಿತು. ಮೇಜಿನಾಚೆ ಹನುಮಂತರಾಯರು ಗಂಟಲು ಸರಿಮಾಡಿಕೊಂಡರು.

ಬೇರೆ ದಾರಿಯಿಲ್ಲದೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಮಸುಕು ಹರಿಯಿತು. ಗುಲಾಬಿಯ ಕೆಳಗೆ ಎಳ್ಳು ಚೆಲ್ಲಿದಂತೆ ನೀಲಿ ಕಾಳು ಒತ್ತೊತ್ತಾಗಿ ಮೂಡಿದವು. ಎರಡರ ಗಡಿಯಲ್ಲಿ, ನಳದ ಮುಂದೆ ಪಾಳಿಗಿಟ್ಟ ಕೊಡಗಳಂತೆ, ಹೊಟ್ಟೆ ಉಬ್ಬಿದ ಒಂದೇ ಸಾಲು! ಪುಸ್ತಕದಲ್ಲಿ ಕಂಠಪಾಠ ಮಾಡಿದ್ದ ಚಿತ್ರವೇ ಕಣ್ಣೆದುರಿಗಿತ್ತು.

“ಸರ್, ಚಿಕ್ಕ ಮೆದುಳ್ರಿ! ಕೊಡದಂಥಾ ಪರ್ಕಿಂಜಿ ಕೋಶ ಒಂದ ಸಾಲಿನ್ಯಾಗ ಅದಾವ. ದೊಡ್ಡ ಮೆದುಳಿನ್ಯಾಗ ಈ ಸಾಲು ಇರಂಗಿಲ್ಲ.”

ಹನುಮಂತರಾಯರು ತಾವೂ ಇಣುಕಿದರು. ಮುಖದ ಗಂಟು ಸಡಿಲವಾಯಿತು.

“ಪಾಸಾದಿ, ಏಳು. ಆದ್ರ ವರ್ಷಪೂರ್ತಿ ಇದನ್ನ ಒಮ್ಮೆರೆ ಯಾಕ ನೋಡ್ಲಿಲ್ಲೋ ಯಪ್ಪಾ?”

ಯಲ್ಲಾಲಿಂಗ ಬೆವರು ಒರೆಸಿಕೊಂಡ.

“ಕಣ್ಣಿಟ್ಟ ಕೂಡ್ಲೆ ‘ಏಳ್ರಿ, ಹಿಂದ ಮಂದಿ ಅದಾರ’ ಅಂತ ಎಬ್ಬಿಸ್ತಿದ್ರಿ ಸರ್. ಕೂತು ನೋಡಾಕ ಬಿಟ್ಟದ್ದು ಇವತ್ತ.”