ಭಾವನನ್ನು ಮರಸಿಗೆ ಕೂರಿಸಿದ ಜಾಗ

ನಾನು ಓದು ಬಿಟ್ಟದ್ದು ೧೯೬೮ರಲ್ಲಿ, ಏಳನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಎರಡು ಕೈಗಳನ್ನು ನಂಬಿಯೇ ಬದುಕಿದ್ದೇನೆ, ಅದನ್ನು ತಲೆ ತಗ್ಗಿಸಿ ಹೇಳುವವನಲ್ಲ. ಯೂನಿಯನ್ ಸಿಟಿಯ ನನ್ನ ಗ್ಯಾರೇಜಿಗೆ ಬರುವ ದೊಡ್ಡ ದೊಡ್ಡ ಇಂಜಿನಿಯರುಗಳು ಬಾನೆಟ್ ಎತ್ತಿ ನನ್ನ ಮುಖವನ್ನೇ ನೋಡುತ್ತಾರೆ.

ಹೋದ ವಾರ ಮೀನು ಹಿಡಿಯುವವನೊಬ್ಬನ ಟ್ರಕ್ಕು ಬಂತು. ಲಿಫ್ಟಿಗೆ ಏರಿಸಿ ಚಕ್ರ ಬಿಚ್ಚಿದರೆ ಒಳಗಿನಿಂದ ಹಸಿ ಕೆಸರು ಹೆಂಟೆ ಹೆಂಟೆಯಾಗಿ ಬಿತ್ತು. ಕೊಳೆತ ಜೊಂಡು, ಉಪ್ಪು, ಕೆಟ್ಟ ಮೊಟ್ಟೆ, ಮೂರೂ ಸೇರಿದ ವಾಸನೆ. ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಬಂದು ನಿಂತುಬಿಟ್ಟೆ...

ಭಾವ ನೆನಪಾಗಿದ್ದರು.

ಅಕ್ಕನ ಗಂಡ. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರು. ಎಂಬತ್ತರ ದಶಕದ ಮೊದಲಿಗೆ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವರು ಅವರೇ. ಫ್ರೀವೇಯಲ್ಲಿ ಕಾರು ಓಡಿಸುವುದನ್ನು ಕಲಿಸಿದರು, ನನ್ನ ಫಾರಂಗಳನ್ನೆಲ್ಲ ತುಂಬಿಕೊಟ್ಟರು. ತುಂಬುವಾಗೆಲ್ಲ, “ಏನ್ ಪ್ರೊಫೆಸರ್ರೇ, ಸೈನು ತಾವೇ ಹಾಕ್ತೀರೋ, ಅದೂ ನಾನೇ ಹಾಕ್ಲೋ?” ಎಂದು ಕಾಲೆಳೆಯುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಚುಚ್ಚುತ್ತಿತ್ತು.

ಬೇಟೆಯಲ್ಲಿ ಮಾತ್ರ ನಾನೇ ಮೇಲು. ನಮ್ಮದು ಸೋಮವಾರಪೇಟೆ ಕಡೆಯ ಬೇಟೆಗಾರರ ಮನೆ. ಪ್ರಾಣಿ ಓಡಾಡುವ ದಾರಿ ನೋಡಿಕೊಂಡು ಕೋವಿ ಹಿಡಿದು ಅಡಗಿ ಕೂರುವುದಕ್ಕೆ ನಮ್ಮಲ್ಲಿ ಮರಸು ಅನ್ನುತ್ತಾರೆ. ಜಾಗ ಆರಿಸುವವನು ಒಬ್ಬನೇ. ಒಳ್ಳೆಯ ಜಾಗ ಹಿರಿಯರಿಗೆ, ಆರಿಸಿದವನಿಗೆ ಮಿಕ್ಕಿದ್ದು. ಕೂತವನು ಏನೇ ಆದರೂ ತಾನಾಗಿ ಏಳುವಂತಿಲ್ಲ, ಕೂರಿಸಿದವನೇ ಹತ್ತಿರ ಹೋಗಿ ಎಬ್ಬಿಸಬೇಕು. ಅವನು ಕರೆದ ಮೇಲೆ ಕೂತಿರುವಂತೆಯೂ ಇಲ್ಲ. ಪೊದೆ ಅಲುಗಿದ ಕಡೆಗೆ ಗುಂಡು ಹಾರುವ ಕೆಲಸ, ಅದಕ್ಕೇ ಈ ಕಟ್ಟಳೆ. ಅಪ್ಪ ಇದನ್ನು ನನಗೂ ಅಕ್ಕನಿಗೂ ಒಟ್ಟಿಗೇ ಕೂರಿಸಿಕೊಂಡು ಹೇಳಿದ್ದ. ಮದುವೆಯಾದ ಮೇಲೆ ಭಾವನಿಗೂ ಹೇಳಿದ.

ಆಗ ನಾನು ಕೆಲಸಕ್ಕಿದ್ದ ಗ್ಯಾರೇಜಿಗೆ ಬರುತ್ತಿದ್ದ ರೈತನೊಬ್ಬನ ಜಮೀನು ಇಲ್ಲಿನ ಸಮುದ್ರದ ಕೊಲ್ಲಿಯ ಉತ್ತರದ ಜೌಗಿನಲ್ಲಿತ್ತು. ಎಂಬತ್ತಾರರ ಆಗಸ್ಟಿನಲ್ಲಿ, ಜಿಂಕೆ ಸೀಸನ್ನು ಶುರುವಾದಾಗ, ಬಂದು ಹೊಡೆದುಕೊಳ್ಳಿ ಅಂದ. ಲೈಸೆನ್ಸು ಮಾಡಿಸಿದೆವು. ಹೋದ ದಿನ ಬೆಳಗ್ಗೆ ಅವನು ತೆಳ್ಳಗಿನ ಪುಸ್ತಕವೊಂದನ್ನು ನನ್ನ ಕೈಗಿಟ್ಟು, ನೀರಿನ ಕಡೆ ಬೆರಳು ಮಾಡಿ ಏನೋ ಬಡಬಡ ಹೇಳಿದ. ಅರ್ಧ ತಿಳಿಯಿತು. ಬಿಡಿಸಿ ನೋಡಿದರೆ ಬರೀ ಅಂಕಿಗಳ ಸಾಲು. ಜೇಬಿಗೆ ತುರುಕಿದೆ.

“ಅದೇನೋ ಪುಸ್ತಕ ಕೊಟ್ನಲ್ಲ?” ಅಂದರು ಭಾವ.

“ಮೀನು ಹಿಡಿಯೋರಿಗಂತೆ ಭಾವ. ನಮಗ್ಯಾಕೆ?”

ಕೊಟ್ಟಿದ್ದರೆ ಅವರು ಒಂದು ನಿಮಿಷದಲ್ಲಿ ಓದುತ್ತಿದ್ದರು. ಕೊಡಲಿಲ್ಲ.

ಜಮೀನಿನ ಅಂಚಿನ ಮಣ್ಣಿನ ಏರಿಯ ಮೇಲೆ ನಿಂತು ಜಾಗ ನೋಡಿದೆ. ಕೆಳಗೆ ಆಳೆತ್ತರದ ಜೊಂಡು, ಅದರ ನಡುವೆ ಜಿಂಕೆಗಳು ತುಳಿದ ಕಾಲುದಾರಿ, ಹೊಸ ಹಿಕ್ಕೆ. ಇನ್ನೂರು ಗಜ ಆಚೆಗೆ ಒಂದು ದಿಬ್ಬ, ದಿಬ್ಬದ ಮೇಲೆ ಒಂಟಿ ಮರ. ಗಾಳಿ ಪಡುವಣದಿಂದ, ಕಾಲುದಾರಿಯ ಕಡೆಯಿಂದ ದಿಬ್ಬಕ್ಕೆ ಬೀಸುತ್ತಿತ್ತು. ಮನುಷ್ಯನ ವಾಸನೆ ಜಿಂಕೆಗೆ ಹೋಗುವ ಮಾತೇ ಇಲ್ಲ. ನಡುವೆ ಒಂದು ಆಳದ ಹಳ್ಳ, ಅದರ ತಳದಲ್ಲಿ ಪಾದ ಮುಳುಗುವಷ್ಟು ನೀರು. ನಮ್ಮ ಕಡೆ ಹಳ್ಳ ತುಂಬಬೇಕಾದರೆ ಮಳೆ ಬರಬೇಕು. ಇಲ್ಲಿ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಮರದ ಬೊಡ್ಡೆಯಲ್ಲಿ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇತ್ತು. ನೋಡಿದೆ. ಚಳಿಗಾಲದ ಪ್ರವಾಹದ ಗುರುತು ಅಂದುಕೊಂಡೆ...

“ಇಲ್ಲಿ ನೀನೇ ಪ್ರೊಫೆಸರು ಕಣಯ್ಯ,” ಎಂದು ಭಾವ ಮರಕ್ಕೆ ಒರಗಿ ಕೂತರು. ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ. ನನಗೆ ಎದೆ ಉಬ್ಬಿತು. ಅವರನ್ನು ಅಲ್ಲಿ ಬಿಟ್ಟು ಏರಿಯ ಮೇಲಿನ ಪಂಪಿನ ಶೆಡ್ಡಿನ ಹಿಂದೆ ಹೋಗಿ ಕೂತೆ.

ಹೊತ್ತು ಏರಿತು. ಜಿಂಕೆ ಬರಲಿಲ್ಲ. ಬೆಳಗ್ಗೆಯಿಂದ ಕೂಗುತ್ತಿದ್ದ ಹಕ್ಕಿಗಳು ಯಾವಾಗ ಸುಮ್ಮನಾದವೋ ಗೊತ್ತಾಗಲಿಲ್ಲ. ಜೊಂಡಿನ ಬುಡದಲ್ಲಿ ಏನೋ ಮಿಂಚಿದಂತಾಯಿತು, ಬಿಸಿಲು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಮಿಂಚು ನನ್ನ ಕಾಲ ಕೆಳಗಿನ ಏರಿಯ ತನಕ ಬಂದಿತ್ತು. ನೀರು. ಸದ್ದಿಲ್ಲ, ಅಲೆಯಿಲ್ಲ, ಹಳ್ಳ ಎಲ್ಲಿ ನೆಲ ಎಲ್ಲಿ ಒಂದೂ ತಿಳಿಯದ ಹಾಗೆ ಸಮುದ್ರ ಒಳಗೆ ಬಂದಿತ್ತು.

ಗಾಬರಿಯಲ್ಲಿ ಎದ್ದು ನಿಂತು ಕೂಗಿಬಿಟ್ಟೆ. “ಭಾವಾ! ಎದ್ದು ಬನ್ನಿ!”

ಅವರು ಕೂತಲ್ಲಿಂದಲೇ ಕೈ ಎತ್ತಿದರು. “ನೀನೇ ಬಂದು ಎಬ್ಬಿಸ್ಬೇಕು ಕಣೋ! ನಿಮ್ಮಪ್ಪ ಹೇಳಿದ್ದು ಮರ್ತ್ಯಾ?” ದನಿಯಲ್ಲಿ ನಗು ಇತ್ತು.

“ಬನ್ನಿ ಅಂದ್ನಲ್ಲ! ಬೇಗ!”

ಎದ್ದರು. ದಿಬ್ಬ ಇಳಿದಾಗ ನೀರು ಮೊಣಕಾಲಿಗಿತ್ತು. ಕೋವಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ಬೆಳಗ್ಗೆ ನಾನು ಕರೆದುಕೊಂಡು ಹೋದ ದಾರಿಯಲ್ಲೇ ನೆಟ್ಟಗೆ ನನ್ನ ಕಡೆ ನಡೆದರು. ಹಳ್ಳದ ಜಾಗಕ್ಕೆ ಬಂದಾಗ ಸೊಂಟ, ಎದೆ... ಆಮೇಲೆ ಕೋವಿ ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಕುತ್ತಿಗೆಯವರೆಗೆ ಇಳಿದೆ, ಕೆಸರು ಕಾಲು ಹಿಡಿಯಿತು, ಹಿಂದಕ್ಕೆ ಬಂದೆ. ಹಿಂದಕ್ಕೆ ಬಂದೆ ಅನ್ನುವುದನ್ನೂ ಬರೆಯಬೇಕು. ರೈತನ ಮನೆಗೆ ಓಡಿದೆ. ಅವನು ದೋಣಿ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಧ್ಯಾಹ್ನ ನೀರು ಬಂದ ಹಾಗೇ ಸದ್ದಿಲ್ಲದೆ ಇಳಿಯಿತು. ನನ್ನ ಜೇಬಿನ ಪುಸ್ತಕದಲ್ಲಿದ್ದ ಅಂಕಿಗಳು ಅವೇ, ಸಮುದ್ರ ಏರುವ, ಇಳಿಯುವ ಹೊತ್ತುಗಳು. ದಿಬ್ಬದ ಮರದಲ್ಲಿ ಒದ್ದೆಯ ಗುರುತು ಆ ಹಳೆಯ ಗೆರೆಗಿಂತ ಒಂದು ಗೇಣು ಕೆಳಗೇ ಇತ್ತು. ಅಲ್ಲೇ ನಿಂತಿದ್ದರೆ ಪ್ಯಾಂಟು ಒದ್ದೆಯಾಗುತ್ತಿತ್ತು ಅಷ್ಟೇ, ಅಂದ ರೈತ. ಬೈದು ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡ ಹಾಗಿತ್ತು.

ಸಂಜೆ ಸಾಂಟಾ ಕ್ಲಾರಾದ ಮನೆಯಲ್ಲಿ ಅಕ್ಕ ಅಳಲಿಲ್ಲ. ಸೋಫಾದ ತುದಿಯಲ್ಲಿ ಕೂತು ಒಂದೇ ಮಾತು ಕೇಳಿದಳು.

“ಅವ್ರಾಗೇ ಎದ್ರಾ, ನೀನು ಕರ್ದ್ಯಾ?”

“ಅವ್ರಾಗೇ ಎದ್ರು,” ಅಂದೆ.

“ಕರೀದೇ ಏಳೋರಲ್ಲ ಅವ್ರು,” ಅಂದಳು ಅಕ್ಕ. ನನ್ನ ಮುಖ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ಮತ್ತೆ ಕೇಳಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ನನ್ನ ಮಗಳಿಗೆ ಜಡೆ ಹಾಕಿದಳು, ಮೊನ್ನೆ ಮೊನ್ನೆ ಕಣ್ಣಿನ ಆಪರೇಷನ್ನಿಗೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಳು. ಆದರೆ ಒಂದೇ ಕೋಣೆಯಲ್ಲಿ ನಾವಿಬ್ಬರೇ ಉಳಿದರೆ ಟೀವಿ ಹಾಕುತ್ತಾಳೆ.

ಅಪ್ಪನ ಕಟ್ಟಳೆ ಮೀರಿದವರು ಭಾವ ಅಲ್ಲ. ದೂರ ನಿಂತು ಕರೆದವನು ನಾನು. ಇಷ್ಟು ವರ್ಷ ಸತ್ತವರ ಮೇಲೆ ಹೊರಿಸಿ ಬದುಕಿದೆ. ನಮ್ಮ ಕನ್ನಡ ಸಂಘದ ಸಂಚಿಕೆಯನ್ನು ಅಕ್ಕ ಮೊದಲ ಪುಟದಿಂದ ಕೊನೆಯವರೆಗೂ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಈಗ ನನಗಿರುವುದು ಇಷ್ಟು. ಗ್ಯಾರೇಜು ಒಂದು, ಲಿಫ್ಟು ಮೂರು. ಮನೆ ಒಂದು. ಹೆಂಡತಿ, ಮಗಳು. ಕೋವಿ ಇಲ್ಲ. ಭಾವ ಇಲ್ಲ. ಅಕ್ಕ ಒಬ್ಬಳು, ಇದನ್ನು ಬರೆಯುವ ಹೊತ್ತಿನವರೆಗೆ.