ಎಂಟನೆಯ ಸರ್ವರು

ಆಫೀಸಿನಲ್ಲಿ ಅವನಿಗೆ ಸ್ವೆಟರಣ್ಣ ಎಂಬ ಹೆಸರು ಬಿದ್ದು ಯಾವ ಕಾಲವಾಯಿತೋ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಮೈಮೇಲೆ ಅದೇ ಕಂದು ಸ್ವೆಟರು, ಮೊಣಕೈಗೆ ತೇಪೆ. ಸರ್ವರ್ ಕೋಣೆಯ ಚಳಿಯಲ್ಲಿ ಕೂತೂ ಕೂತೂ ಅವನ ಮೂಳೆಗಳಿಗೆ ಬೇಸಿಗೆಯೇ ಮರೆತುಹೋಗಿತ್ತು. ಊರಿನ ಮನೆಮನೆಯ ನೀರಿನ ಮೀಟರುಗಳು ಕಳಿಸುವ ಲೆಕ್ಕವನ್ನು ಅಲ್ಲಿನ ಆರು ಮುದಿ ಸರ್ವರ್ ಕಂಪ್ಯೂಟರುಗಳು ಒಟ್ಟಾಗಿ ರಾತ್ರಿಯಿಡೀ ಅರೆದು ಬೆಳಿಗ್ಗೆಗೆ ಬಿಲ್ಲು ಮಾಡಿಕೊಡಬೇಕು. ಒಂದು ಮಲಗಿದರೆ ಉಳಿದ ಐದೂ ಮುಷ್ಕರ ಹೂಡುತ್ತವೆ. ಆಗ ಸ್ವೆಟರಣ್ಣನ ಫೋನು ಬಡಿದುಕೊಳ್ಳುತ್ತದೆ.

ಆ ಫೋನಿಗೆ ಅವನ ಹೆಂಡತಿ ಇಟ್ಟ ಹೆಸರು ಸವತಿ. "ರೀ, ನಿಮ್ಮ ಎರಡನೆಯವಳು ಕೂಗ್ತಿದ್ದಾಳೆ ನೋಡಿ" ಎಂದು ದಿಂಬಿನಡಿಯಿಂದ ತೆಗೆದುಕೊಡುತ್ತಿದ್ದಳು. ಮೊದಮೊದಲು ನಗುತ್ತಿದ್ದಳು, ಈಚೆಗೆ ಆ ನಗುವೂ ಇಲ್ಲ. ಮಗಳ ಮದುವೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಕೈತೊಳೆದು ಹಾರ್ಡ್ ಡಿಸ್ಕ್ ಬದಲಿಸಲು ಓಡಿದ್ದ. ಎಲ್ಲಿ ಹೋದರೆಂದು ಬೀಗರು ಕೇಳಿದಾಗ ಅವಳು ಏನು ಸುಳ್ಳು ಹೇಳಿದಳೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಅವಳ ಗರ್ಭಕೋಶ ತೆಗೆಯಬೇಕು ಎಂದಿದ್ದಾರೆ ಡಾಕ್ಟರು. ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಅವಳೇ ಮುಂದೂಡಿದಳು.

"ನಿಮ್ಮ ಹೊಸ ಮೆಷಿನ್ ಬಂದ್ಮೇಲೆ ನೋಡೋಣ. ನಾನು ಒಳಗೆ ಮಲಗಿರುವಾಗ ನೀವು ಬಾಗಿಲ ಹೊರಗೆ ಇರ್ತೀರ ಅನ್ನೋ ಧೈರ್ಯ ಬೇಕು ನಂಗೆ. ಅಷ್ಟೇ."

"ಇರ್ತೀನಿ ಕಣೇ."

"ಮಗಳ ಮದ್ವೇಲೂ ಹೀಗೇ ಅಂದಿದ್ರಿ."

ಅದಕ್ಕೇ ಹೊಸ ಸರ್ವರು ಆರಿಸುವಾಗ ಅವನು ತಲೆ ಕೆಡಿಸಿಕೊಂಡಷ್ಟು ಮಗಳಿಗೆ ಗಂಡು ಹುಡುಕುವಾಗಲೂ ಕೆಡಿಸಿಕೊಂಡಿರಲಿಲ್ಲ. ಮಾರುವವರ ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಸರ್ವರುಗಳೂ ಸರ್ವಗುಣಸಂಪನ್ನರೇ. ಅವನು ಅದನ್ನು ಬದಿಗಿಟ್ಟು, ದುಬಾರಿಯದೊಂದು, ಸಾದಾ ಕೆಲವು ಪರೀಕ್ಷೆಗೆಂದು ತರಿಸಿ, ತನ್ನೂರಿನದೇ ಲೆಕ್ಕವನ್ನು ಉಣಿಸಿ ನೋಡಿದ. ದುಬಾರಿ ಸರ್ವರಿನ ಪ್ರೊಸೆಸರು ಬಹಳ ಹೊತ್ತು ಕೈಕಟ್ಟಿ ಕೂತಿತ್ತು. ಡಿಸ್ಕಿನಿಂದ ಲೆಕ್ಕ ಹೊರಬರುವುದೇ ನಿಧಾನವಾದರೆ ಪಾಪ ಅದು ತಾನೇ ಏನು ಮಾಡೀತು? ಸಾದಾ ಸರ್ವರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಕೆಲಸ ಮುಗಿಸಿತು. ಸರಿ, ತೀರ್ಮಾನವಾಯಿತು. ಸಾದಾ ಪ್ರೊಸೆಸರು, ಹೆಚ್ಚು ಡಿಸ್ಕು, ಒಟ್ಟು ಎಂಟು ಸರ್ವರು. ದಿನದ ಕೆಲಸಕ್ಕೆ ಏಳು ಸಾಕು, ಎಂಟನೆಯದು ಯಾವುದಾದರೂ ಕೈಕೊಟ್ಟ ದಿನಕ್ಕೆ. ಪ್ರತಿ ಲೆಕ್ಕಕ್ಕೂ ಮೂರು ಪ್ರತಿ ಬೇರೆಬೇರೆ ಸರ್ವರಿನಲ್ಲಿ ಇರುವುದರಿಂದ, ಶನಿವಾರ ಸತ್ತದ್ದು ಸೋಮವಾರದವರೆಗೆ ಸತ್ತೇ ಬಿದ್ದಿರಬಹುದು. ಇಷ್ಟು ಒಳ್ಳೆಯ ಸುದ್ದಿಯನ್ನು ಸ್ವೆಟರಣ್ಣ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಮ್ಯಾನೇಜರಿಗೆ ನಂಬಿಕೆ ಬರಲೆಂದು, ಪರೀಕ್ಷೆಗೆ ಬಂದ ಸಾದಾ ಸರ್ವರುಗಳನ್ನು ಜೋಡಿಸಿ, ಕೆಲಸ ನಡೆಯುತ್ತಿರುವಾಗಲೇ ಅವರ ಕಣ್ಣೆದುರು ಒಂದರ ವೈರು ಕಿತ್ತ. ಪರದೆಯ ಮೇಲಿನ ಲೆಕ್ಕ ಸ್ವಲ್ಪ ತಡವರಿಸಿ ಮತ್ತೆ ನಡೆಯಿತು.

"ಭೇಷ್! ಒಂದು ತೆಗೆದ್ರೂ ನಡೆಯುತ್ತೆ!" ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ಮತ್ತೆ ಎಂಟು ಯಾಕ್ರೀ? ಒಂದು ತೆಗೆದುಬಿಡಿ. ಏಳು ಸಾಕು."

"ಸರ್, ಒಂದು ಹೆಚ್ಚಿಗೆ ಇದ್ರೆ ತಾನೇ ಒಂದು ಬಿದ್ದಾಗ ಕೆಲಸ ಹೊತ್ತಿಗೆ ಮುಗಿಯೋದು?"

"ಈಗ ನೀವೇ ತೆಗೆದು ತೋರಿಸಿದ್ರಲ್ಲ!"

ಅವನು ಗೋಗರೆದ. ಪ್ರೊಸೆಸರನ್ನು ಇನ್ನೊಂದು ದರ್ಜೆ ಇಳಿಸೋಣ, ಬಿಲ್ಲು ತುಸು ತಡವಾದೀತು, ಉಳಿದ ದುಡ್ಡಲ್ಲಿ ಎಂಟನೆಯದು ಬರುತ್ತದೆ ಎಂದ. ಮ್ಯಾನೇಜರ್ ಗಲ್ಲ ಕೆರೆದುಕೊಂಡರು. "ಒಳ್ಳೇ ಐಡಿಯಾ. ಅದನ್ನೂ ಇಳಿಸೋಣ."

ಸ್ವೆಟರಣ್ಣನಿಗೆ ಅಳುವೇ ಬಂತು. ಮೊದಲಾಗಿದ್ದರೆ ಜಗಳ ಕಾಯುತ್ತಿದ್ದ. ಈಗ ಬಾಯಿ ತೆರೆಯುವುದೂ ಒಂದು ಕೆಲಸ. ಇನ್ನೊಂದು ದರ್ಜೆ ಇಳಿಸಿದ ಸರ್ವರು ಬಂದವು, ಅವೂ ಏಳೇ ಬಂದವು. ಮನೆಯಲ್ಲಿ "ಬಂತು" ಎಂದಷ್ಟೇ ಹೇಳಿದ. ಎಷ್ಟು ಎಂದು ಅವಳು ಕೇಳಲಿಲ್ಲ, ಆಸ್ಪತ್ರೆಗೆ ಫೋನು ಮಾಡಿ ದಿನ ಕೇಳಿದಳು.

ಆಪರೇಷನ್ನಿನ ದಿನ ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದ್ದೇ ತಡ, ಜೇಬಿನಲ್ಲಿ ಸವತಿ ಕೂಗಿತು.

"ಒಂದು ಮೆಷಿನ್ ಮಲಗಿದೆಯಂತೆ, ಬಿಲ್ಲೇ ಆಗಿಲ್ಲ," ಮ್ಯಾನೇಜರ ದನಿ. "ಒಂದರ್ಧ ಗಂಟೆ ಬಂದು ಹೋಗಿ."

ಅವನು ಆಗಲೇ ಎದ್ದು ನಿಂತಿದ್ದ. ಕಾಲಿಗೆ ಅದೇ ಅಭ್ಯಾಸ. ಕೈ ಬೆಂಚಿನ ಮೇಲಿದ್ದ ಸ್ವೆಟರಿಗೆ ಹೋಗಿತ್ತು. ಮುಚ್ಚಿದ ಬಾಗಿಲನ್ನು ನೋಡಿದ. ಮತ್ತೆ ಕೂತ.

"ಬರಲ್ಲ ಸರ್. ಲೆಕ್ಕ ಎಲ್ಲೂ ಹೋಗಿಲ್ಲ. ಉಳಿದ ಆರು ತೆವಳಿಕೊಂಡು ಸಂಜೆಗೆ ಮುಗಿಸ್ತವೆ. ಬಿಲ್ಲು ಸಂಜೆ ಬಂದ್ರೆ ಯಾರ ಮನೆ ನಲ್ಲೀನೂ ನಿಲ್ಲಲ್ಲ."

"ಅಲ್ಲ ರೀ, ನೀವಿಲ್ದೆ ಹೇಗೆ ನಡೆಯುತ್ತೆ?"

"ಒಂದು ತೆಗೆದ್ರೂ ನಡೆಯುತ್ತೆ ಅಂತ ನೀವೇ ಅಂದ್ರಲ್ಲ ಸರ್. ಇವತ್ತು ನನ್ನ ತೆಗೆದಿದೀವಿ ಅಂದ್ಕೊಳ್ಳಿ."

ಫೋನು ಆರಿಸಿದ. ಕೆಲಸ ಹೋದರೂ ಹೋಯಿತು ಎಂದುಕೊಂಡ, ಆದರೂ ಹೆದರಿಕೆಯೇ ಆಯಿತು. ಸ್ವೆಟರನ್ನು ಮಡಿಸಿ ತಲೆಯಡಿ ಇಟ್ಟುಕೊಂಡು, ಒಂದು ನಿಮಿಷ ಎಂದು ಬೆಂಚಿನ ಮೇಲೆ ಒರಗಿದ.

ಸ್ಟ್ರೆಚರಿನ ಗಾಲಿಗಳ ಸದ್ದು ಕೇಳಿದಾಗ ಅವನ ರೆಪ್ಪೆ ಇನ್ನೂ ಬಿಡಿಸಿಕೊಂಡಿರಲಿಲ್ಲ. ಯಾರೋ ಅವನ ಭುಜ ಮುಟ್ಟಿದರು. ಆಮೇಲೆ ಹೆಂಡತಿಯ ದನಿ, ಮಂಪರಿನಲ್ಲಿ ತೊದಲುತ್ತಿತ್ತು.

"ಎಬ್ಬಿಸ್ಬೇಡಿ ಸಿಸ್ಟರ್. ಇಲ್ಲೇ ಇದಾರಲ್ಲ, ಸಾಕು."